ಹಾಜರಿ ಪಟ್ಟಿಯಲ್ಲಿಲ್ಲದವರು

ಮಾನ್ಯತೆ ಪಡೆದ ಕಾರ್ಮಿಕ ಸಂಘ ಬರೆದ ಪತ್ರವನ್ನು ಮಾಲೀಕ ತೆಗೆದುಕೊಳ್ಳಬೇಕು, ಅದಕ್ಕೆ ಉತ್ತರ ಬರೆಯಬೇಕು. ಸಂಘದ ಪದಾಧಿಕಾರಿಗಳು ಭೇಟಿ ಕೇಳಿದರೆ ಭೇಟಿ ಕೊಡಬೇಕು. ಸಂಘದ ಸೂಚನೆಗಳನ್ನು ಕೆಲಸದ ಜಾಗದಲ್ಲಿ ಅಂಟಿಸಲು ಅವಕಾಶ ಮಾಡಿಕೊಡಬೇಕು. ಹಾಗೆ ಮಾಡದಿದ್ದರೆ ಅದು ಮಾಲೀಕನ ಅನುಚಿತ ವರ್ತನೆ, ಅದಕ್ಕೆ ದಂಡವಿದೆ.

1926ರ ಭಾರತೀಯ ಕಾರ್ಮಿಕ ಸಂಘಗಳ ಕಾಯಿದೆಗೆ 1947ರ ಕೊನೆಯಲ್ಲಿ ಸೇರಿಸಿದ ಹೊಸ ಅಧ್ಯಾಯದ ಸಾರ ಇದು. ಆಗ ಜಗಜೀವನ ರಾಮ್ ಕಾರ್ಮಿಕ ಮಂತ್ರಿ. ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳೂ ಕಳೆದಿತ್ತೋ ಇಲ್ಲವೋ, ದೇಶದ ಶಾಸನಸಭೆ ಮಾಲೀಕರಿಗೆ ಹೇಳಿದ್ದು ಇಷ್ಟೇ: ಪತ್ರಕ್ಕೆ ಉತ್ತರ ಕೊಡಿ, ಎದುರು ಕೂತು ಮಾತಾಡಿ. ಮಸೂದೆ ಪಾಸಾಯಿತು, ಅಂಕಿತ ಬಿತ್ತು, ಕಾಯಿದೆಗೆ ಸಂಖ್ಯೆಯೂ ಬಂತು. ಆದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಪಡಿಸುವ ದಿನದಿಂದ ಇದು ಜಾರಿಗೆ ಬರತಕ್ಕದ್ದು ಎಂಬ ಒಂದು ಸಾಲು ಅದರಲ್ಲಿತ್ತು. ಆ ದಿನವನ್ನು ಯಾವ ಸರ್ಕಾರವೂ ಗೊತ್ತುಪಡಿಸಲಿಲ್ಲ. ನೆಹರೂ ಸರ್ಕಾರದಿಂದ ಹಿಡಿದು ಮುಂದೆ ಬಂದ ಎಲ್ಲ ಬಣ್ಣದ ಸರ್ಕಾರಗಳೂ ಆ ಸಾಲನ್ನು ಹಾಗೇ ಬಿಟ್ಟವು. ಕೊನೆಗೆ 2025ರ ನವೆಂಬರ್ 21ರಂದು ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಾಗ 1926ರ ಮೂಲ ಕಾಯಿದೆಯೇ ರದ್ದಾಯಿತು. ಜೀವ ಬಾರದ ಅಧ್ಯಾಯದ ಕಥೆ ಅಲ್ಲಿಗೆ ಮುಗಿಯಿತು.

ನಾನು ಈ ಅಧ್ಯಾಯಕ್ಕೆ ಬಂದದ್ದು ಕರಾವಳಿಯ ಒಂದು ಪ್ರಶ್ನೆಯ ಹಿಂದೆ ಹೊರಟು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ದುಡಿಯುವವರಿಗೆ ಸಂಘ ಕಟ್ಟಿಕೊಂಡು ಮಾಲೀಕನ ಎದುರು ಕೂತು ಮಾತಾಡುವ ಹಕ್ಕನ್ನು ಯಾವ ಕಾಲದಲ್ಲಿ, ಯಾವ ಕಾಯಿದೆ ಕೊಟ್ಟಿತು? ಗೇರುಬೀಜದ ಕಾರ್ಖಾನೆಯ ಹೆಂಗಸರು, ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಉಪ್ಪು ಎಳೆಯುವವರು, ಮೀನುಗಾರಿಕೆ ಬೋಟಿನಲ್ಲಿ ದುಡಿಯುವ ಕಲಾಸಿಗಳು, ಅಂಗನವಾಡಿ ಕಾರ್ಯಕರ್ತೆಯರು, ಇವರಲ್ಲಿ ಯಾರು ಆ ಕಾಯಿದೆಯ ಒಳಗಿದ್ದರು, ಯಾರು ಹೊರಗುಳಿದರು? ಅಮೆರಿಕದ ಕಾರ್ಮಿಕ ಸಂಘಗಳ ಕಾನೂನನ್ನು ತಿದ್ದಬೇಕೆಂದು ಅಲ್ಲಿ ನಡೆಯುತ್ತಿರುವ ಜಗ್ಗಾಟವನ್ನು ಓದುತ್ತಿದ್ದಾಗ ಈ ಪ್ರಶ್ನೆ ಬಲವಾಗಿ ಎದ್ದಿತ್ತು. ಅಲ್ಲಿ ಸುಧಾರಣೆಯ ಮಸೂದೆಗಳು ಸೆನೆಟ್ ದಾಟಲಾರದೆ ಸಾಯುತ್ತವೆ. ನಮ್ಮಲ್ಲಿ ಮಸೂದೆ ಪಾಸಾಗಿಯೂ ಕಾಯುತ್ತಾ ಕೂರುತ್ತದೆ. ಎರಡೂ ಕಡೆ ಕಾಯುವವನು ದುಡಿಯುವವನೇ.

ಹುಡುಕಾಟವನ್ನು ಎಲ್ಲಿಂದ ಶುರುಮಾಡುವುದು? ಉತ್ತರ ಕನ್ನಡ ಜಿಲ್ಲೆಗೆ ಮುಂಬೈ ಸರ್ಕಾರದ ಕಾಯಿದೆಗಳು ಅನ್ವಯವಾಗುತ್ತಿದ್ದವು ಎನ್ನುವುದು ಎಲ್ಲರಿಗೂ ಗೊತ್ತು. ಯಾಕೆ ಅನ್ವಯವಾಗುತ್ತಿದ್ದವು ಎಂದು ಹಿಂದಕ್ಕೆ ಹೋದರೆ ಕೈಗೆ ಸಿಗುವುದು ಹತ್ತಿ. ಒಂದೇ ಕನ್ನಡ ಜಿಲ್ಲೆಯಾಗಿದ್ದ ಕೆನರಾ ಮದ್ರಾಸು ಪ್ರಾಂತ್ಯದಲ್ಲಿತ್ತು. 1862ರಲ್ಲಿ ಅದರ ಉತ್ತರ ಭಾಗವನ್ನು ಕಡಿದು ಮುಂಬೈಗೆ ಸೇರಿಸಿದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬರುವ ದಾರಿಗಳೂ ಬಂದರುಗಳೂ ತಮ್ಮ ಕೈಯಲ್ಲೇ ಇರಬೇಕೆನ್ನುವುದು ಮುಂಬೈ ವ್ಯಾಪಾರಿಗಳ ಒತ್ತಾಯವಾಗಿತ್ತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ದಕ್ಷಿಣ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿದ್ದು ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಇಂಗ್ಲೆಂಡಿನ ಕಣ್ಣು ಭಾರತದ ಕಡೆ ಹೊರಳಿತು, ಕುಮಟೆಯ ಬಂದರು ತುಂಬಿತು. ಕುಮಟಾ ಎನ್ನುವುದು ಹತ್ತಿಯ ಒಂದು ತಳಿಯ ಹೆಸರಾಗಿ ಪೇಟೆಗಳಲ್ಲಿ ನಿಂತಿತು. ಕ್ಯಾಂಬೆಲ್ ಸಂಪಾದಿಸಿದ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟ ಬಂದದ್ದು 1883ರಲ್ಲಿ. ಅದನ್ನು ತೆರೆದರೆ ಕುಮಟೆಯ ಆ ವೈಭವದ ಲೆಕ್ಕಾಚಾರ ಸಿಗುತ್ತದೆ. ಮೂಟೆ ಹೊತ್ತವರ, ದೋಣಿಗೆ ಏರಿಸಿದವರ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಯಾರೂ ಇಡಲಿಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯ ರೈಲು ಮಾರ್ಮಗೋವಾ ಮುಟ್ಟಿತು, ಕುಮಟೆಯ ಹತ್ತಿ ವ್ಯಾಪಾರ ಸೊರಗಿತು. ಆದರೆ ಜಿಲ್ಲೆ ಮುಂಬೈಯಲ್ಲೇ ಉಳಿಯಿತು, 1956ರ ತನಕ.

ಅಮೆರಿಕದ ಆ ಹತ್ತಿಹೊಲಗಳೇ ಮುಂದೆ ಅಲ್ಲಿನ ಕಾರ್ಮಿಕ ಕಾನೂನಿನ ಮೇಲೂ ನೆರಳು ಹಾಸಿದವು. 1935ರ ಜುಲೈ 5ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ವ್ಯಾಗ್ನರ್ ಕಾಯಿದೆ ಅಲ್ಲಿನ ಕೆಲಸಗಾರರಿಗೆ ದೊಡ್ಡ ಬಲ ಕೊಟ್ಟಿತು. ಕೆಲಸದ ಜಾಗದಲ್ಲಿ ಬಹುಮತ ಪಡೆದ ಸಂಘ ಎಲ್ಲರ ಪರವಾಗಿ ಚೌಕಾಸಿ ಮಾಡಬಹುದು, ಮಾಲೀಕ ಅದರೊಡನೆ ಮಾತಾಡಲೇಬೇಕು. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಆ ಕಾಯಿದೆ ಹೊರಗಿಟ್ಟಿತು. ದಕ್ಷಿಣ ರಾಜ್ಯಗಳ ಕಪ್ಪು ದುಡಿಮೆಗಾರರಲ್ಲಿ ಬಹಳಷ್ಟು ಜನ ಇದ್ದದ್ದು ಆ ಎರಡು ಕೆಲಸಗಳಲ್ಲೇ. ಆ ರಾಜ್ಯಗಳ ಜನಪ್ರತಿನಿಧಿಗಳ ಮತವಿಲ್ಲದೆ ಕಾಂಗ್ರೆಸ್ಸಿನಲ್ಲಿ ಯಾವ ದೊಡ್ಡ ಕಾಯಿದೆಯೂ ಪಾಸಾಗುವ ಸ್ಥಿತಿ ಆಗ ಇರಲಿಲ್ಲ. 1947ರ ಜೂನಿನಲ್ಲಿ ಟ್ಯಾಫ್ಟ್-ಹಾರ್ಟ್ಲಿ ಕಾಯಿದೆ ಬಂದು ಸಂಘಗಳ ಕೈ ಕಟ್ಟಿತು. ಅಧ್ಯಕ್ಷ ಟ್ರೂಮನ್ ಅದನ್ನು ತಡೆದಾಗ ಆ ತಡೆಯನ್ನು ಮುರಿಯಲು ರಿಪಬ್ಲಿಕನ್ನರ ಜೊತೆ ದಕ್ಷಿಣದ ಡೆಮಾಕ್ರಟರು ಕೈಜೋಡಿಸಿದರು.

ಅದೇ 1947ರಲ್ಲಿ ನಮ್ಮಲ್ಲಿ ಮಾನ್ಯತೆಯ ಅಧ್ಯಾಯ ಪಾಸಾಗಿ ಕಡತ ಸೇರಿತು.

ನಮ್ಮ 1926ರ ಕಾಯಿದೆ ಹುಟ್ಟಿದ್ದೂ ಒಂದು ಪೆಟ್ಟಿನಿಂದ. ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು 1918ರಲ್ಲಿ ಮದ್ರಾಸು ಕಾರ್ಮಿಕ ಸಂಘ ಕಟ್ಟಿದರು. ಬಿ.ಪಿ. ವಾಡಿಯಾ ಅದರ ಮುಂದಾಳು. ಗಿರಣಿಯವರು ಹೈಕೋರ್ಟಿಗೆ ಹೋಗಿ ಅವರ ಮೇಲೆ ತಡೆಯಾಜ್ಞೆ ತಂದರು. ಸಂಘ ಕಟ್ಟಿದ್ದೇ ಒಪ್ಪಂದ ಮುರಿಯುವ ಪಿತೂರಿ ಎನ್ನಿಸಿಕೊಳ್ಳಬಹುದು ಎಂದು ಆಗ ಎಲ್ಲರಿಗೂ ಗೊತ್ತಾಯಿತು. 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಎನ್.ಎಂ. ಜೋಶಿ ಎದ್ದು ನಿಂತು, ಸಂಘಗಳಿಗೆ ಕಾನೂನಿನ ರಕ್ಷಣೆ ಕೊಡಿ ಎಂದು ನಿರ್ಣಯ ಮಂಡಿಸಿದರು. ಐದು ವರ್ಷದ ನಂತರ ಕಾಯಿದೆ ಬಂತು, 1927ರ ಜೂನ್ 1ರಿಂದ ಜಾರಿಯಾಯಿತು. ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು, ಮುಷ್ಕರ ಹೂಡಿದ್ದಕ್ಕೆ ಪಿತೂರಿಯ ಕೇಸು ಬೀಳುವುದಿಲ್ಲ. ಮಾಲೀಕ ಸಂಘದೊಡನೆ ಮಾತಾಡಲೇಬೇಕು ಎನ್ನುವ ಮಾತು ಮಾತ್ರ ಅದರಲ್ಲಿರಲಿಲ್ಲ. 1947ರ ಅಧ್ಯಾಯ ತುಂಬಲು ಹೊರಟದ್ದು ಈ ಕೊರತೆಯನ್ನೇ.

ಜೋಶಿಯವರ ಹೆಸರು ಬಂದ ಮೇಲೆ ಹುಡುಕಾಟ ತಾನಾಗಿ ಅಂಕೋಲೆಗೆ ತಿರುಗುತ್ತದೆ. ಜೋಶಿ ಭಾರತ ಸೇವಕ ಸಮಾಜದವರು, ಗೋಖಲೆ ಕಟ್ಟಿದ ಸಂಸ್ಥೆಯವರು. ಅದೇ ಸಮಾಜವನ್ನು ಸೇರಿ, ಮುಂಬೈಯಲ್ಲಿ ಹಡಗಿನ ಕೆಲಸಗಾರರ ನಡುವೆ ದುಡಿದವರು ಅಂಕೋಲೆಯ ಅಲಗೇರಿಯ ದಿನಕರ ದೇಸಾಯಿ. ನಾಡಿಗೆ ಅವರು ಚುಟುಕಗಳಿಂದ ಪರಿಚಿತರು. ಜಿಲ್ಲೆಗೆ ಅವರು ಗೇಣಿ ರೈತರ ಹೋರಾಟದ ಮುಂದಾಳು, ಆ ಕಾರಣಕ್ಕೆ ಸರ್ಕಾರದಿಂದ ಗಡೀಪಾರಾದವರು, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳನ್ನು ಕಟ್ಟಿದವರು, 1967ರಲ್ಲಿ ಲೋಕಸಭೆಗೆ ಆಯ್ಕೆಯಾದವರು. ಅವರ ಇನ್ನೊಂದು ಮುಖ ನಮ್ಮ ಸಾಹಿತ್ಯದ ಮಾತುಕತೆಯಲ್ಲಿ ಅಷ್ಟಾಗಿ ಬರುವುದಿಲ್ಲ. 1940ರಲ್ಲಿ ಭಾರತದ ಹಡಗು ಕೆಲಸಗಾರರ ಮೇಲೆ ಅವರು ಬರೆದ ಇಂಗ್ಲಿಷ್ ಪುಸ್ತಕವನ್ನು ಭಾರತ ಸೇವಕ ಸಮಾಜ ಪ್ರಕಟಿಸಿತು. ಹಡಗಿನ ದುಡಿಮೆಯ ಚರಿತ್ರೆ ಬರೆಯುವವರು ಇವತ್ತಿಗೂ ಅದನ್ನು ತೆಗೆದು ನೋಡುತ್ತಾರೆ.

ಆ ಪುಸ್ತಕ ನನಗೆ ಮುಖ್ಯವಾಗುವುದು ಅದು ಎತ್ತಿಕೊಂಡ ಸಮಸ್ಯೆಯಿಂದ. ಹಡಗಿನ ಕೆಲಸಗಾರನಿಗೆ ಕಾರ್ಖಾನೆಯಿಲ್ಲ, ಗೇಟಿಲ್ಲ, ಒಬ್ಬನೇ ಮಾಲೀಕನಿಲ್ಲ. ಒಂದು ಪ್ರಯಾಣ ಮುಗಿಸಿ ಇಳಿದರೆ ಮುಂದಿನ ಹಡಗು ಯಾವಾಗ, ಯಾವ ಕಂಪನಿಯದು ಎನ್ನುವುದು ಗೊತ್ತಿರುವುದಿಲ್ಲ. ನಡುವೆ ಆಳುಗಳನ್ನು ಒದಗಿಸುವ ಸೆರಾಂಗರು, ದಲ್ಲಾಳಿಗಳು, ಲಂಚ. ಇಂಥವರನ್ನು ಸಂಘದಲ್ಲಿ ಎಣಿಸುವುದು ಹೇಗೆ, ಅವರ ಪರವಾಗಿ ಯಾರೊಡನೆ ಮಾತಾಡುವುದು? ಕೆಲಸ ಹಂಚುವ ಜಾಗವನ್ನೇ ಹಿಡಿಯಬೇಕು, ಬಂದರನ್ನು ಹಿಡಿಯಬೇಕು ಎನ್ನುವ ಕಡೆಗೆ ಹಡಗು ಕೆಲಸಗಾರರ ಚಳವಳಿ ಹೊರಳಿತು. 1948ರಲ್ಲಿ ಬಂದ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆಯ ಬೇರಲ್ಲೂ ಇದೇ ತಿಳಿವಳಿಕೆಯಿದೆ. ಕೆಲಸಗಾರನನ್ನು ಬಂದರಿನ ಹೆಸರಲ್ಲಿ ನೋಂದಾಯಿಸು, ಅವತ್ತು ಯಾರ ಸರಕು ಹೊತ್ತನೆನ್ನುವುದು ಆಮೇಲಿನ ಮಾತು. ಅಲಗೇರಿಯ ದೇಸಾಯರು ಮುಂಬೈಯ ಧಕ್ಕೆಯಲ್ಲಿ ಕಂಡ ಈ ಸಮಸ್ಯೆ ಅವರ ಊರಿಂದ ಸ್ವಲ್ಪ ದಕ್ಷಿಣಕ್ಕಿರುವ ತದಡಿಯಲ್ಲಿ, ಕಾಸರಕೋಡ ಟೊಂಕದಲ್ಲಿ, ಭಟ್ಕಳದ ತೆಂಗಿನಗುಂಡಿಯಲ್ಲಿ ಇವತ್ತೂ ಹಾಗೇ ಇದೆ.

ಮುಂಬೈ ಪ್ರಾಂತ್ಯದ ಕಡತಗಳಿಗೆ ವಾಪಸು ಬರೋಣ. ಮುಂಬೈ ಸರ್ಕಾರದ ಕಾರ್ಮಿಕ ಕಚೇರಿ 1921ರಿಂದ ಲೇಬರ್ ಗೆಜೆಟ್ ಎಂಬ ಪತ್ರಿಕೆ ಹೊರಡಿಸುತ್ತಿತ್ತು. ಮುಷ್ಕರ, ಕೂಲಿ, ಬೆಲೆ, ಸಂಘಗಳ ಪಟ್ಟಿ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಪುಟ ತಿರುವಿದಷ್ಟೂ ಮುಂಬೈ, ಅಹಮದಾಬಾದ್, ಸೊಲ್ಲಾಪುರ, ಮತ್ತೆ ಮುಂಬೈ. ಗಿರಣಿಯಿದ್ದಲ್ಲಿ ಕಾನೂನಿನ ಕಣ್ಣಿತ್ತು. 1938ರಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಸರ್ಕಾರ ಮುಂಬೈ ಕೈಗಾರಿಕಾ ವಿವಾದಗಳ ಕಾಯಿದೆ ತಂದಿತು. ಮುಷ್ಕರಕ್ಕೆ ಅದು ಹಾಕಿದ ಬೇಲಿಗಳನ್ನು ಶಾಸನಸಭೆಯಲ್ಲಿ ಅಂಬೇಡ್ಕರರು ಬಲವಾಗಿ ವಿರೋಧಿಸಿದರು. ಇಷ್ಟವಿಲ್ಲದ ಕೆಲಸವನ್ನು ಮಾಡು ಎಂದು ಶಿಕ್ಷೆಯ ಭಯದಿಂದ ಒಬ್ಬನನ್ನು ಹಿಡಿದಿಟ್ಟರೆ ಅದು ಜೀತವೇ ಎನ್ನುವುದು ಅವರ ವಾದವಾಗಿತ್ತು. ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಒಟ್ಟಿಗೆ ಮುಷ್ಕರಕ್ಕೆ ಕರೆ ಕೊಟ್ಟರು. ಆ ವಿರೋಧದ ನಡುವೆಯೂ ಮುಂಬೈಯ ಕಾಯಿದೆ ಬೆಳೆಯಿತು. ಗುಲ್ಜಾರಿಲಾಲ್ ನಂದಾ ಕಾರ್ಮಿಕ ಮಂತ್ರಿಯಾಗಿದ್ದಾಗ 1946ರ ಮುಂಬೈ ಕೈಗಾರಿಕಾ ಸಂಬಂಧಗಳ ಕಾಯಿದೆ ಬಂತು.

ಈ 1946ರ ಕಾಯಿದೆಯನ್ನು ಸಾಲು ಸಾಲಾಗಿ ಓದುವಾಗ ನನ್ನ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿತು. ಸಂಘಕ್ಕೆ ಪ್ರಾತಿನಿಧಿಕ ಸಂಘ ಎಂಬ ಪಟ್ಟ ಸಿಗಬೇಕಾದರೆ ಸದಸ್ಯರನ್ನು ಎಲ್ಲಿ ಎಣಿಸಬೇಕು? ಈ ಕಾಯಿದೆ ಕಾರ್ಖಾನೆಯ ಗೇಟಿನೊಳಗೆ ಎಣಿಸು ಎನ್ನುವುದಿಲ್ಲ. ಒಂದು ಸ್ಥಳೀಯ ಪ್ರದೇಶದಲ್ಲಿ ಒಂದು ಉದ್ದಿಮೆಯಲ್ಲಿರುವ ಒಟ್ಟು ಕೆಲಸಗಾರರಲ್ಲಿ ಎಣಿಸು ಎನ್ನುತ್ತದೆ. ಮೊದಲು ಶೇಕಡಾ 15, ಆಮೇಲೆ 25ರಷ್ಟು ಜನ ಸದಸ್ಯರಿದ್ದರೆ ಸಾಕು, ಆ ಪ್ರದೇಶದ ಆ ಉದ್ದಿಮೆಯ ಎಲ್ಲ ಮಾಲೀಕರೂ ಅದರೊಡನೆ ಮಾತಾಡಬೇಕು. ಗಿರಣಿಗಳಿಗೆಂದು ಹುಟ್ಟಿದ ಕಾಯಿದೆಯಾದರೂ ಬೇರೆ ಉದ್ದಿಮೆಗಳಿಗೆ, ಬೇರೆ ಪ್ರದೇಶಗಳಿಗೆ ಅಧಿಸೂಚನೆಯ ಮೂಲಕ ಹಬ್ಬಿಸುವ ಅಧಿಕಾರ ಸರ್ಕಾರಕ್ಕಿತ್ತು. ಅಂದರೆ ಹೊನ್ನಾವರ ತಾಲೂಕನ್ನು ಒಂದು ಸ್ಥಳೀಯ ಪ್ರದೇಶವೆಂದು ಹಿಡಿದು, ಅಲ್ಲಿನ ಒಂದು ಉದ್ದಿಮೆಯ ಹತ್ತಾರು ಸಣ್ಣ ಮಾಲೀಕರ ಕೆಲಸಗಾರರನ್ನು ಒಟ್ಟಿಗೆ ಎಣಿಸಲು ದಾರಿ ಕಾಗದದ ಮೇಲಿತ್ತು.

ಭಟ್ಕಳ ದಾಟಿ ಶಿರೂರಿಗೆ ಹೋದರೆ ಈ ದಾರಿ ಮುಚ್ಚುತ್ತಿತ್ತು. ಅಲ್ಲಿಂದ ಮುಂದೆ ಮದ್ರಾಸು ಪ್ರಾಂತ್ಯ. ಮಂಗಳೂರಿನ ಹಂಚಿನ ಕಾರ್ಖಾನೆ, ಗೋಡಂಬಿ, ಬೀಡಿ ಕೆಲಸಗಾರರ ಸಂಘಗಳು ಹೋರಾಟದ ಬಲದಿಂದಲೇ ಬೆಳೆದವು. ಸಂಘಟನೆಯಲ್ಲಿ ದಕ್ಷಿಣ ಕನ್ನಡ ಮುಂದಿತ್ತು, ಕಾಯಿದೆಯಲ್ಲಿ ಉತ್ತರ ಕನ್ನಡ ಮುಂದಿತ್ತು. ಕಾಯಿದೆಯಿದ್ದ ಕಡೆ ದೊಡ್ಡ ಕಾರ್ಖಾನೆಯಿಲ್ಲ, ಕಾರ್ಖಾನೆಯಿದ್ದ ಕಡೆ ಆ ಕಾಯಿದೆಯಿಲ್ಲ. 1956ರ ನವೆಂಬರ್ 1ರಂದು ಎರಡೂ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಹೊಸ ಕಾಯಿದೆ ಬರುವ ತನಕ ಹಳೆಯ ಪ್ರಾಂತ್ಯಗಳ ಕಾಯಿದೆಗಳೇ ಆಯಾ ಭಾಗಗಳಲ್ಲಿ ನಡೆಯುತ್ತವೆ ಎಂದು ರಾಜ್ಯ ಪುನರ್ವಿಂಗಡಣಾ ಕಾಯಿದೆ ಹೇಳಿತ್ತು. ಕೊನೆಗೆ ಉಳಿದದ್ದು ಕೇಂದ್ರದ 1947ರ ಕೈಗಾರಿಕಾ ವಿವಾದಗಳ ಕಾಯಿದೆ ಮತ್ತು 1958ರ ಶಿಸ್ತಿನ ಸಂಹಿತೆ. ಆ ಶಿಸ್ತಿನ ಸಂಹಿತೆ ಮಾಲೀಕರೂ ಸಂಘಗಳೂ ಮನಸ್ಸಿದ್ದರೆ ಪಾಲಿಸುವ ಒಪ್ಪಂದ, ಮುರಿದರೆ ಕೋರ್ಟಿಗೆ ಹೋಗುವಂತಿಲ್ಲ. ಮಹಾರಾಷ್ಟ್ರ 1971ರಲ್ಲಿ ಸಂಘಗಳ ಮಾನ್ಯತೆಗೆ ತನ್ನದೇ ಕಾಯಿದೆ ಮಾಡಿಕೊಂಡಿತು, ಕೇರಳ 2010ರಲ್ಲಿ ಮಾಡಿಕೊಂಡಿತು. ಕರ್ನಾಟಕ ಮಾಡಲಿಲ್ಲ. ಮುಂಬೈಯಿಂದ ನಮಗೆ ಬರಬೇಕಿದ್ದ ಒಳ್ಳೆಯ ಪಾಲೊಂದು ಹೀಗೆ ಕೈತಪ್ಪಿತು ಎಂದೇ ನಾನು ತಿಳಿಯುತ್ತೇನೆ.

ಮುಂಬೈ ಕಾಯಿದೆಯನ್ನು ಹೊಗಳುವಾಗ ಅದರ ಕೆಡುಕನ್ನು ಮುಚ್ಚಿಡಬಾರದು. ಒಮ್ಮೆ ಪ್ರಾತಿನಿಧಿಕ ಪಟ್ಟ ಪಡೆದ ಸಂಘವನ್ನು ಕೆಳಗಿಳಿಸುವುದು ಆ ಕಾಯಿದೆಯಲ್ಲಿ ಬಹಳ ಕಷ್ಟ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕಿಳಿದಾಗ ಅವರು ಕೇಳಿದ್ದರಲ್ಲಿ ಕೂಲಿ ಬೋನಸ್ಸುಗಳ ಜೊತೆ ಇದೂ ಒಂದಿತ್ತು: ತಮ್ಮ ಪರ ಮಾತಾಡದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ ಏಕಸ್ವಾಮ್ಯ ಹೋಗಬೇಕು. ಎಣಿಕೆ ಪ್ರದೇಶದ ಮಟ್ಟದಲ್ಲಿ ನಡೆಯಬೇಕು, ಆದರೆ ಗುಪ್ತ ಮತದಾನದಿಂದ ನಡೆಯಬೇಕು, ನಿಗದಿತ ಕಾಲಕ್ಕೊಮ್ಮೆ ನಡೆಯಬೇಕು. ಇದು ಮುಂಬೈಯ ಗಿರಣಿ ಕಾರ್ಮಿಕರು ಬಹಳ ಬೆಲೆ ತೆತ್ತು ಕೊಟ್ಟ ಪಾಠ.

ಇನ್ನು 1978. ಕಡತಗಳಲ್ಲಿ ಆ ಒಂದು ವರ್ಷದ ಮೇಲೆ ನಾನು ಬಹಳ ಹೊತ್ತು ನಿಂತೆ. ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ಅವರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೆಲವು ನೌಕರರಿಗೆ ಜಲಮಂಡಳಿ ದಂಡ ಹಾಕಿ ಸಂಬಳದಿಂದ ಮುರಿದುಕೊಂಡಿತ್ತು, ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು, ನಾವು ಉದ್ದಿಮೆಯೇ ಅಲ್ಲ ಎಂದು ಮಂಡಳಿ ವಾದಿಸಿತು. ಅಷ್ಟು ಸಣ್ಣ ಜಗಳದಿಂದ ದೇಶದ ಕಾರ್ಮಿಕ ಕಾನೂನಿನ ಅತಿ ದೊಡ್ಡ ತೀರ್ಪು ಹುಟ್ಟಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಉದ್ದಿಮೆಯ ವ್ಯಾಪ್ತಿಯನ್ನು ಆಸ್ಪತ್ರೆ, ಶಾಲೆ, ಸೇವಾಸಂಸ್ಥೆಗಳ ತನಕ ಚಾಚಿದರು. ಜೂನ್ ತಿಂಗಳಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಅಧ್ಯಕ್ಷ ಕಾರ್ಟರ್ ಬೆಂಬಲಿಸಿದ್ದ ಕಾರ್ಮಿಕ ಕಾನೂನು ಸುಧಾರಣಾ ಮಸೂದೆ ವಾರಗಟ್ಟಲೆ ಚರ್ಚೆಯಲ್ಲೇ ಸಿಕ್ಕಿಬಿತ್ತು. ಚರ್ಚೆ ನಿಲ್ಲಿಸಲು 60 ಮತ ಬೇಕಿತ್ತು, ಮತ್ತೆ ಮತ್ತೆ ಯತ್ನಿಸಿಯೂ ಸಿಕ್ಕಿದ್ದು ಹೆಚ್ಚೆಂದರೆ 58. ಆಗಸ್ಟಿನಲ್ಲಿ ಇಲ್ಲಿ ಜನತಾ ಸರ್ಕಾರದ ಕಾರ್ಮಿಕ ಮಂತ್ರಿ ರವೀಂದ್ರ ವರ್ಮಾ ಕೈಗಾರಿಕಾ ಸಂಬಂಧಗಳ ಮಸೂದೆ ಮಂಡಿಸಿದರು. ಸಂಘಗಳೇ ಅದನ್ನು ವಿರೋಧಿಸಿದವು, ಲೋಕಸಭೆ ವಿಸರ್ಜನೆಯಾಗಿ ಅದೂ ಬಿದ್ದುಹೋಯಿತು.

ಬೆಂಗಳೂರಿನ ತೀರ್ಪನ್ನು ಮೊಟಕುಗೊಳಿಸಲು 1982ರಲ್ಲಿ ಸಂಸತ್ತು ತಿದ್ದುಪಡಿ ತಂದು ಆಸ್ಪತ್ರೆ, ಶಾಲೆ, ಬೇಸಾಯ, ಮನೆಗೆಲಸಗಳನ್ನು ಉದ್ದಿಮೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು. ಆ ಕಾಯಿದೆಯ ಬೇರೆ ಭಾಗಗಳು 1984ರಲ್ಲಿ ಜಾರಿಯಾದವು, ವ್ಯಾಖ್ಯೆ ಮಾತ್ರ ಜಾರಿಯಾಗಲಿಲ್ಲ. ಹಾಗಾಗಿ ಕುಮಟೆಯ ಖಾಸಗಿ ಆಸ್ಪತ್ರೆಯ ಆಯಾಗೂ, ಭಟ್ಕಳದ ಶಾಲೆಯ ಜವಾನನಿಗೂ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆದೇ ಇತ್ತು. ದಿನಾಂಕ ಬಾರದಿದ್ದುದರಿಂದ 1947ರಲ್ಲಿ ಕೆಲಸಗಾರ ಕಳೆದುಕೊಂಡ, 1982ರಲ್ಲಿ ಉಳಿಸಿಕೊಂಡ. ಎರಡು ಸಲವೂ ನಿರ್ಧಾರವಾದದ್ದು ಮತದಾರ ನೋಡದ ಜಾಗದಲ್ಲಿ, ಸಚಿವಾಲಯದ ಕಡತದಲ್ಲಿ. ಕಾರ್ಮಿಕ ಕಾನೂನಿನ ರಾಜಕೀಯ ಬರೆಯುವವರು ಶಾಸನಸಭೆಯ ಚರ್ಚೆಗಳಷ್ಟೇ ಗಮನವಿಟ್ಟು ಗೆಜೆಟ್ಟನ್ನೂ ಓದಬೇಕು.

ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯ ವಿಷಯದಲ್ಲೂ ಅದೇ ಆಯಿತು. 2020ರ ಸೆಪ್ಟೆಂಬರಿನಲ್ಲಿ ಪಾಸಾಗಿ ಐದು ವರ್ಷ ಕಾದು ಕೂತಿತ್ತು. ಅದರಲ್ಲಿ ಮಾಲೀಕ ಸಂಘವನ್ನು ಮಾನ್ಯ ಮಾಡಲೇಬೇಕೆಂಬ ಮಾತು ಕೊನೆಗೂ ಬಂದಿದೆ. ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ, ಹಾಜರಿ ಪಟ್ಟಿಯಲ್ಲಿರುವ ಕೆಲಸಗಾರರಲ್ಲಿ ಶೇಕಡಾ 51ರಷ್ಟು ಯಾವ ಸಂಘಕ್ಕೆ ಸೇರಿದ್ದಾರೋ ಅದೇ ಏಕೈಕ ಸಂಧಾನ ಸಂಘ. ಯಾವುದಕ್ಕೂ ಅಷ್ಟು ಬೆಂಬಲವಿಲ್ಲದಿದ್ದರೆ ಶೇಕಡಾ 20ಕ್ಕೆ ಕಡಿಮೆಯಿಲ್ಲದ ಸಂಘಗಳ ಪ್ರತಿನಿಧಿಗಳು ಸೇರಿ ಸಂಧಾನ ಮಂಡಳಿ. ಅಮೆರಿಕದ 1935ರ ಬಹುಮತದ ತತ್ತ್ವಕ್ಕೆ ಇದು ಬಹಳ ಹತ್ತಿರ. ಅದರ ಜೊತೆಗೆ ಮುಷ್ಕರಕ್ಕೆ 14 ದಿನದ ನೋಟಿಸು ಎಲ್ಲ ಉದ್ದಿಮೆಗಳಿಗೂ ಬಂದಿದೆ. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರ. 300ಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಡ. ನಮ್ಮ ಮೂರು ತಾಲೂಕುಗಳಲ್ಲಿ 300 ಕೆಲಸಗಾರರಿರುವ ಕಾರ್ಖಾನೆಯನ್ನು ಹುಡುಕಿಕೊಂಡೇ ಹೋಗಬೇಕು.

ಆದರೆ ನನ್ನ ಕಣ್ಣು ನಿಂತದ್ದು ಹಾಜರಿ ಪಟ್ಟಿ ಎಂಬಲ್ಲಿ.

ಕಾಸರಕೋಡ ಟೊಂಕದಲ್ಲಿ ಬೋಟು ನಡೆಸುವ ತಾಂಡೇಲರೊಬ್ಬರು ತಮ್ಮ ಬೋಟಿನ ಲೆಕ್ಕದ ಪುಸ್ತಕ ತೋರಿಸಿದರು. ಉದ್ದನೆಯ ರಟ್ಟಿನ ಪುಸ್ತಕ, ಅಂಚುಗಳು ಉಪ್ಪುನೀರಿಗೆ ನೆನೆದು ಒಣಗಿ ಸೆಟೆದಿವೆ. ಎಡಪುಟದಲ್ಲಿ ಮೀನು ಹರಾಜಾದ ಹಣ. ಬಲಪುಟದಲ್ಲಿ ಡೀಸೆಲ್, ಐಸ್, ರೇಷನ್, ಬಲೆ ರಿಪೇರಿ. ಖರ್ಚು ಕಳೆದು ಉಳಿದದ್ದು ಬೋಟಿನ ಪಾಲು, ಜನರ ಪಾಲು. ಜನರ ಪಾಲಿನ ಕೆಳಗೆ ಹೆಸರುಗಳು, ಕೆಲವು ಊರಿನವು, ಕೆಲವು ಒಡಿಶಾ ಮತ್ತು ಜಾರ್ಖಂಡ್ ಕಡೆಯವು. ಹೆಸರಿನ ಮುಂದೆ ಹಣವಿದೆ, ಮುಂಗಡವಿದೆ. ಕೆಲಸದ ದಿನಗಳ ಲೆಕ್ಕವಿಲ್ಲ, ಸಂಬಳವೆಂಬ ಕಾಲಮ್ಮೇ ಇಲ್ಲ. ಮೀನು ಸಿಗದ ದಿನ ಪಾಲೂ ಇಲ್ಲ. ಜೂನ್ 1ರಿಂದ ಜುಲೈ ಕೊನೆಯ ತನಕ ಮೀನುಗಾರಿಕೆ ನಿಷೇಧದ 61 ದಿನ ಪುಸ್ತಕ ಖಾಲಿ. ಸಂಹಿತೆ ಕೇಳುವ ಹಾಜರಿ ಪಟ್ಟಿಗೆ ತೀರ ಹತ್ತಿರದ ದಾಖಲೆ ಈ ಬಂದರಿನಲ್ಲಿ ಇದೇ. ಇದು ಪಾಲುದಾರಿಕೆ, ನೌಕರಿಯಲ್ಲ ಎಂದು ಮಾಲೀಕ ಹೇಳಿದರೆ ಈ ಪುಸ್ತಕ ಅವನ ಪರವೇ ಸಾಕ್ಷಿ ಹೇಳುತ್ತದೆ.

ಸಂಹಿತೆಯ ಸಂಘ ನೋಂದಣಿಯ ಅಧ್ಯಾಯ ಅಸಂಘಟಿತ ಕೆಲಸಗಾರರನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಮಾಲೀಕನೇ ಇಲ್ಲದವರೂ ಸಂಘ ಕಟ್ಟಬಹುದೆಂದು 1972ರಲ್ಲಿ ಅಹಮದಾಬಾದಿನ ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆ ಗುಜರಾತಿನ ಕಾರ್ಮಿಕ ಇಲಾಖೆಯೊಡನೆ ವಾದಿಸಿ ಗೆದ್ದು ಕೊಟ್ಟ ದಾರಿ ಅದು. ಹಾಗಾಗಿ ಕಲಾಸಿಗಳ ಸಂಘ ನೋಂದಣಿಯಾಗಬಹುದು. ಆದರೆ ಮಾನ್ಯತೆಯ ಕಲಮಿಗೆ ಬಂದ ಕೂಡಲೇ ಒಂದು ಸಂಸ್ಥೆ ಬೇಕು, ಅದಕ್ಕೊಂದು ಹಾಜರಿ ಪಟ್ಟಿ ಬೇಕು. ಸಂಘ ಇರುತ್ತದೆ, ಅದರ ಪತ್ರಕ್ಕೆ ಉತ್ತರ ಬರೆಯಬೇಕಾದವನು ಇರುವುದಿಲ್ಲ. ಅಂಗನವಾಡಿಯವರದ್ದೂ ಇಂಥದ್ದೇ ಕಥೆ. ಅವರ ಸಂಘಗಳು ರಾಜ್ಯದ ಬಲವಾದ ಸಂಘಗಳು. ಆದರೂ ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಅವರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಅವರು ಪಡೆಯುವುದಕ್ಕೆ ಸರ್ಕಾರ ಇಟ್ಟ ಹೆಸರು ಗೌರವಧನ. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಒಂದೊಂದೇ ಹಕ್ಕನ್ನು ಹೀಗೆ ದಶಕಕ್ಕೊಮ್ಮೆ ಕೋರ್ಟಿನಿಂದ ತರಬೇಕಾಗಿರುವುದು ಅನ್ಯಾಯ.

ಅಮೆರಿಕದ ಸುಧಾರಕರು ಇವತ್ತು ಕೇಳುತ್ತಿರುವುದೂ ಬಹುಮಟ್ಟಿಗೆ ಇದನ್ನೇ. 1950ರ ದಶಕದಲ್ಲಿ ಅಲ್ಲಿ ಮೂವರಲ್ಲಿ ಒಬ್ಬ ಕೆಲಸಗಾರ ಸಂಘದಲ್ಲಿದ್ದ. 2024ರ ಹೊತ್ತಿಗೆ ಅದು ಶೇಕಡಾ 9.9ಕ್ಕೆ ಇಳಿದಿತ್ತು, ಖಾಸಗಿ ಕ್ಷೇತ್ರದಲ್ಲಿ 5.9. ಸಂಘ ಕಟ್ಟುವವರಿಗೆ ಬಲ ಕೊಡುವ ಪ್ರೊ ಮಸೂದೆ 2021ರ ಮಾರ್ಚಿನಲ್ಲಿ ಕೆಳಮನೆಯಲ್ಲಿ 225–206 ಮತಗಳಿಂದ ಪಾಸಾಗಿ ಸೆನೆಟ್ಟಿನಲ್ಲಿ ನಿಂತಿತು. ಜಾನ್ಸನ್, ಕಾರ್ಟರ್, ಕ್ಲಿಂಟನ್, ಒಬಾಮ, ಬೈಡನ್ ಈ ಐವರ ಕಾಲದಲ್ಲೂ ಸುಧಾರಣೆಯ ಮಸೂದೆ ಮುಗ್ಗರಿಸಿದ್ದು ಅದೇ ಹೊಸ್ತಿಲಲ್ಲಿ. 2025ರ ಜನವರಿಯಲ್ಲಿ ಟ್ರಂಪ್ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಸದಸ್ಯೆಯೊಬ್ಬರನ್ನು ವಜಾ ಮಾಡಿದ ಮೇಲೆ ಆ ಮಂಡಳಿ ತಿಂಗಳುಗಟ್ಟಲೆ ಕೋರಂ ಇಲ್ಲದೆ ಕೂತಿತು. ಇದ್ದ ಕಾಯಿದೆಯನ್ನು ನಡೆಸುವವರೇ ಇಲ್ಲದಂತಾಯಿತು. ಸೆನೆಟರ್ ಹಾಲಿಯವರಂಥ ಕೆಲವು ರಿಪಬ್ಲಿಕನ್ನರು ಸಂಘಗಳ ಮೊದಲ ಒಪ್ಪಂದ ಬೇಗ ಆಗಲಿ ಎಂಬ ಮಸೂದೆಗೆ ಕೈಜೋಡಿಸಿರುವುದು ಹೊಸ ಬೆಳವಣಿಗೆ. ಆದರೆ 60 ಮತಗಳ ಲೆಕ್ಕ ಸದ್ಯಕ್ಕೆ ಕೂಡಿಬರುವಂತೆ ನನಗೆ ಕಾಣುವುದಿಲ್ಲ.

ಅಲ್ಲಿ ಏನಾದರೂ ಅಲುಗಿದ್ದು ರಾಜ್ಯಗಳಲ್ಲಿ, ಅದೂ ಕೇಂದ್ರದ ಕಾಯಿದೆ ಹೊರಗಿಟ್ಟವರ ವಿಷಯದಲ್ಲಿ. ವ್ಯಾಗ್ನರ್ ಕಾಯಿದೆ ಹೊಲದ ಕೂಲಿಗಳನ್ನು ಕೈಬಿಟ್ಟಿದ್ದರಿಂದಲೇ ಅವರ ಮೇಲೆ ಕಾನೂನು ಮಾಡಲು ರಾಜ್ಯಗಳಿಗೆ ಸ್ವಾತಂತ್ರ್ಯವಿತ್ತು. ಸೀಸರ್ ಚಾವೆಜರ ಹೋರಾಟದ ಫಲವಾಗಿ 1975ರಲ್ಲಿ ಕ್ಯಾಲಿಫೋರ್ನಿಯಾ ಹೊಲದ ಕೂಲಿಗಳಿಗೆ ಸಂಘದ ಹಕ್ಕು ಕೊಟ್ಟಿತು. 2023ರಲ್ಲಿ ಅದೇ ರಾಜ್ಯ ಫಾಸ್ಟ್‌ಫುಡ್ ಅಂಗಡಿಗಳ ಕೆಲಸಗಾರರಿಗಾಗಿ, ಅಂಗಡಿ ಅಂಗಡಿ ಲೆಕ್ಕ ಬಿಟ್ಟು, ಇಡೀ ಉದ್ದಿಮೆಗೆ ಒಂದು ಮಂಡಳಿ ಮಾಡಿತು. ಉದ್ದಿಮೆಯನ್ನು ಪ್ರದೇಶದ ಮಟ್ಟದಲ್ಲಿ ಹಿಡಿಯುವ ಈ ದಾರಿಯನ್ನು ಅವರು ಹೊಸತೆಂದು ಚರ್ಚಿಸುತ್ತಿದ್ದಾರೆ. ಕುಮಟಾ, ಹೊನ್ನಾವರಗಳು ಸೇರಿದ್ದ ಪ್ರಾಂತ್ಯದ ಕಾಯಿದೆ ಪುಸ್ತಕದಲ್ಲಿ ಅದು 1940ರ ದಶಕದಲ್ಲೇ ಅಚ್ಚಾಗಿತ್ತು.

ನಮ್ಮ ಸಂವಿಧಾನದಲ್ಲಿ ಕಾರ್ಮಿಕ ಸಂಘಗಳೂ ಕೈಗಾರಿಕಾ ವಿವಾದಗಳೂ ಸಮವರ್ತಿ ಪಟ್ಟಿಯಲ್ಲಿವೆ. ರಾಷ್ಟ್ರಪತಿಯ ಅಂಕಿತ ಪಡೆದು ರಾಜ್ಯ ತನ್ನ ಕಾಯಿದೆ ಮಾಡಿಕೊಳ್ಳಬಹುದು, ಕೇಂದ್ರದ ಸಂಹಿತೆ ಮುಟ್ಟದ ಜಾಗದಲ್ಲಂತೂ ಸರಿಯೇ. 2025ರಲ್ಲಿ ಕರ್ನಾಟಕ ಆಪ್ ಆಧಾರಿತ ಗಿಗ್ ಕೆಲಸಗಾರರಿಗೆ ಸಾಮಾಜಿಕ ಭದ್ರತೆಯ ಕಾಯಿದೆ ಮಾಡಿದೆ. ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗನಿಗೂ ಹಾಜರಿ ಪಟ್ಟಿಯಿಲ್ಲ, ಆದರೂ ಅವನನ್ನು ನೋಂದಾಯಿಸುವ ದಾರಿ ಸರ್ಕಾರಕ್ಕೆ ಸಿಕ್ಕಿತು. ಮೀನುಗಾರರಿಗೆ ಸಿಗದೇಕೆ? ಮೀನುಗಾರಿಕೆಯ ಕೆಲಸದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2007ರಲ್ಲಿ ಮಾಡಿದ 188ನೆಯ ಒಡಂಬಡಿಕೆ, ಹಿಡಿದ ಮೀನಿನಲ್ಲಿ ಪಾಲು ಪಡೆದು ದುಡಿಯುವವನೂ ಮೀನುಗಾರ ಕೆಲಸಗಾರನೇ ಎಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಸಂಘ ಕಟ್ಟುವ ಹಕ್ಕಿನ 87ನೆಯ, ಚೌಕಾಸಿಯ ಹಕ್ಕಿನ 98ನೆಯ ಒಡಂಬಡಿಕೆಗಳನ್ನು ಭಾರತವೂ ಅನುಮೋದಿಸಿಲ್ಲ, ಅಮೆರಿಕವೂ ಅನುಮೋದಿಸಿಲ್ಲ.

ಕರ್ನಾಟಕ ಮಾಡಬೇಕಾದ ಕಾಯಿದೆಯ ಸ್ವರೂಪ ಈ ಕಡತಗಳಲ್ಲೇ ಇದೆ. ತದಡಿ, ಟೊಂಕ, ತೆಂಗಿನಗುಂಡಿ ಬಂದರುಗಳನ್ನು ಒಂದು ಸ್ಥಳೀಯ ಪ್ರದೇಶವೆಂದು ಸಾರಲಿ. ಬೋಟು ಹತ್ತುವ ಪ್ರತಿ ಕಲಾಸಿಯ ಹೆಸರೂ, ಒಡಿಶಾದವನದ್ದೂ ಸೇರಿ, ಬಂದರಿನ ನೋಂದಣಿ ಪುಸ್ತಕಕ್ಕೆ ಬರಲಿ. ಮೂರು ವರ್ಷಕ್ಕೊಮ್ಮೆ ಗುಪ್ತ ಮತದಾನ ನಡೆಯಲಿ. ಗೆದ್ದ ಸಂಘದೊಡನೆ ಬೋಟು ಮಾಲೀಕರ ಸಂಘ ಮಾತಾಡಲೇಬೇಕು: ಪಾಲಿನ ಲೆಕ್ಕದ ಬಗ್ಗೆ, ನಿಷೇಧದ 61 ದಿನದ ಬಗ್ಗೆ, ಬೋಟು ಮಗುಚಿದಾಗಿನ ಪರಿಹಾರದ ಬಗ್ಗೆ. ಕಾಯಿದೆಯ ಮೊದಲ ಕಲಮಿನಲ್ಲಿ ಜಾರಿಯ ದಿನಾಂಕವನ್ನು ಸರ್ಕಾರದ ಅಧಿಸೂಚನೆಗೆ ಬಿಡದೆ, ದಿನ, ತಿಂಗಳು, ವರ್ಷ ಹಾಕಿಯೇ ಅಚ್ಚು ಮಾಡಲಿ.